ಹದಿಮೂರು ತಿಂಗಳು ನುಂಗಿದ ಮಾತ್ರೆ

ಗುರುಶಾಂತಪ್ಪ ಜಯನಗರದ ಒಂದು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್. ಬೆಳಗಿನ ಆಟದಿಂದ ಸೆಕೆಂಡ್ ಶೋವರೆಗೆ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲೇ ಅವನ ವಾಸ. ಐವತ್ತು ದಾಟಿದ ಮೇಲೆ ಎಡಗಾಲು ಮಂಡಿಯ ಕೆಳಗೆ ಬಿಲ್ಲಿನಂತೆ ಬಾಗತೊಡಗಿತು. ಮುಟ್ಟಿದರೆ ಅಲ್ಲಿ ಬಿಸಿ, ರಾತ್ರಿಯೆಲ್ಲ ನೋವು. ಒಬ್ಬರು ವಾಯು ಎಂದರು, ಇನ್ನೊಬ್ಬರು ಎಣ್ಣೆ ಕೊಟ್ಟರು. ಎರಡು ವರ್ಷ ತಿಕ್ಕಿದ್ದೇ ಬಂತು.

೧೯೮೪ರಲ್ಲಿ ಬನಶಂಕರಿಯ ಮೂಳೆ ಡಾಕ್ಟರ್ ಉಮಾಮಹೇಶ್ವರಿ ಎಕ್ಸ್‌ರೇ ನೋಡಿ, "ಇದು ಪೇಜೆಟ್ ಕಾಯಿಲೆ. ಹಳೇ ಮೂಳೆ ಕರಗೋದು, ಹೊಸದು ಬೆಳೆಯೋದು, ಎರಡೂ ಹಿಡಿತ ತಪ್ಪಿದೆ. ನಮ್ಮ ಕಡೆ ಅಪರೂಪ," ಎಂದರು. ವಿದೇಶದಿಂದ ತರಿಸಬೇಕಾದ ಎಟಿಡ್ರೊನೇಟ್ ಮಾತ್ರೆ ಬರೆದುಕೊಟ್ಟು, "ಆರೇ ತಿಂಗಳು. ಆಮೇಲೆ ನಿಲ್ಲಿಸಿ ಬನ್ನಿ," ಎಂದು ಎರಡು ಸಲ ಹೇಳಿದರು.

ನಾಲ್ಕನೇ ತಿಂಗಳಿಗೆ ನೋವು ಇಳಿಯಿತು. ಆರು ತಿಂಗಳಾದರೂ ಅವನು ನಿಲ್ಲಿಸಲಿಲ್ಲ. ಅದೇ ಚೀಟಿ ತೋರಿಸಿ ಮತ್ತೆ ತರಿಸಿಕೊಂಡ.

"ಡಾಕ್ಟ್ರು ಸಾಕು ಅಂದಿದ್ರಲ್ರೀ," ಎಂದಳು ಹೆಂಡತಿ ಈಶ್ವರಮ್ಮ.

"ಗುಣ ಆಗ್ತಿರೋದನ್ನ ಯಾರಾದ್ರೂ ನಿಲ್ಲಿಸ್ತಾರೇನೇ? ಸುಮ್ನಿರು!"

ವರ್ಷ ಕಳೆಯುವಷ್ಟರಲ್ಲಿ ಎರಡೂ ತೊಡೆಗಳಲ್ಲಿ ಹೊಸ ನೋವು. ಕ್ಯಾಬಿನ್ನಿನ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಯಿತು. ಸಿಟ್ಟಿನಿಂದಲೇ ಡಾಕ್ಟರ ಬಳಿ ಹೋದ.

"ನಿಮ್ಮ ಮಾತ್ರೆ ಸರಿಯಿಲ್ಲ ಮೇಡಂ."

"ಎಷ್ಟು ದಿನ ತಗೊಂಡ್ರಿ?"

"ಹದಿಮೂರು ತಿಂಗಳು."

ಡಾಕ್ಟರು ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆಯ ವರದಿ ಬಂದ ದಿನ, "ಬಿಸಿಲಿಗೆ ಮೈಯೊಡ್ಡಿ ಎಷ್ಟು ದಿನ ಆಯ್ತು?" ಎಂದು ಕೇಳಿದರು. ಅವನಿಗೆ ನೆನಪಾಗಲಿಲ್ಲ.

"ಮೊದಲೇ ವಿಟಮಿನ್ ಡಿ ಕೊರತೆ. ಅದರ ಮೇಲೆ ಈ ಮಾತ್ರೆ ಅತಿಯಾದ್ರೆ ಹೊಸ ಮೂಳೆ ಗಟ್ಟಿಯಾಗಲ್ಲ. ಶುರು ಮಾಡೋಕೆ ಮುಂಚೆ ನಾನೂ ಇದನ್ನ ನೋಡ್ಬೇಕಿತ್ತು. ನನ್ನದೂ ತಪ್ಪಿದೆ."

ಬೈಯಲೆಂದು ಬಂದವನಿಗೆ ಬೈಯಲೂ ಆಗಲಿಲ್ಲ. ಮಾತ್ರೆ ನಿಂತಿತು. ವಿಟಮಿನ್ ಡಿ ಇಂಜೆಕ್ಷನ್, ಕ್ಯಾಲ್ಸಿಯಂ, ದಿನಾ ಬಿಸಿಲು. ಪಂಚೆ ಮೇಲಕ್ಕೆ ಕಟ್ಟಿ ತಾರಸಿಯ ಮೇಲೆ ಕೂತರೆ ಪಕ್ಕದ ಮನೆಯ ಸಪ್ಪಲಮ್ಮ, "ಏನಣ್ಣಾ, ಸಂಡಿಗೆ ಕಾಯ್ತಿದ್ದೀರಾ?" ಎನ್ನುತ್ತಿದ್ದಳು.

"ನನ್ನನ್ನೇ ಒಣಗಹಾಕವ್ರೆ ಕಣಮ್ಮ!"

ಐದು ತಿಂಗಳಿಗೆ ತೊಡೆನೋವು ಹೋಯಿತು. ಕಾಲಿನ ಹಳೇ ಕಾಯಿಲೆಗೆ, ಮೂಳೆ ಕರಗುವುದನ್ನು ತಡೆಯುವ ಕ್ಯಾಲ್ಸಿಟೋನಿನ್ ಇಂಜೆಕ್ಷನ್ ಶುರುವಾಯಿತು. ಚುಚ್ಚಿದಾಗಲೆಲ್ಲ ಓಕರಿಕೆ, ಮುಖವೆಲ್ಲ ಕೆಂಪು. ಗೊಣಗಿಕೊಂಡೇ ಹಾಕಿಸಿಕೊಂಡ, ಒಂದೂ ತಪ್ಪಿಸಲಿಲ್ಲ. ಬಾಗಿದ ಕಾಲು ನೆಟ್ಟಗಾಗಲಿಲ್ಲ, ಆದರೆ ಇನ್ನಷ್ಟು ಬಾಗಲೂ ಇಲ್ಲ. ಬೆಳಗ್ಗೆ ಬಿಸಿಲಿಗೆ ಕೂರಬೇಕು, ಬೆಳಗಿನ ಆಟ ತನ್ನಿಂದಾಗದು ಎಂದು ಮ್ಯಾನೇಜರಿಗೆ ಖಡಾಖಂಡಿತವಾಗಿ ಹೇಳಿ, ಮ್ಯಾಟಿನಿಯಿಂದ ಮಾತ್ರ ಕೆಲಸಕ್ಕೆ ಹೋಗತೊಡಗಿದ.