ಸೀಟಕ್ಕ ಬೆಟ್ಟ ಹತ್ತಿದ್ದು

ಸೀಟಕ್ಕನ ಎದುರು ಕೂತರೆ ನಿಮ್ಮ ತೂಕ ಗೊತ್ತಾಗುತ್ತದೆ, ಎದ್ದು ಹೋದರೆ ನಿಮ್ಮ ಮನೆಯ ಸಂಗತಿಯೆಲ್ಲ ಗೊತ್ತಾಗುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ನಗುನಗುತ್ತಲೇ ಹೇಳುತ್ತಿದ್ದರು, ನಿಜ. ಆದರೆ ಅದೇ ಜನ ತಮ್ಮ ಬೈಕಿನ ಸೀಟನ್ನು ಅವಳ ಅಂಗಡಿಗೆ ಕೊಡುವ ಮುಂಚೆ ಒಂದು ಗಳಿಗೆ ಹಿಂದೆಮುಂದೆ ನೋಡುತ್ತಿದ್ದರು.

ಅವಳ ಕೆಲಸವೇ ಅಂಥದ್ದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಬೆಳಕಿಗೆ ದಪ್ಪ ಸೂಜಿಯ ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಹಳೆಯ ಸ್ಪಂಜಿನ ಗುಡ್ಡೆ, ಅದರ ಮೇಲೆ ಸದಾ ನಿದ್ದೆ ಹೊಡೆಯುವ ಪಕ್ಕದ ಮನೆಯ ಬೆಕ್ಕು. ಸೀಟಿನ ಹೊದಿಕೆ ಕಿತ್ತು, ಒಳಗಿನ ಸ್ಪಂಜಿನ ಮೇಲೆ ಒಮ್ಮೆ ಅಂಗೈ ಆಡಿಸಿದಳೆಂದರೆ ಮುಗಿಯಿತು. ಇವನು ಎಡಕ್ಕೆ ವಾಲಿ ಕೂರುವವನು, ಇವನ ಹಿಂದಿನ ಜೇಬಿನಲ್ಲಿ ಬೀಗದ ಕೈಯ ಗೊಂಚಲಿದೆ, ಇವನ ಹೆಂಡತಿ ಮುನಿಸಿಕೊಂಡು ಹಿಂದಕ್ಕೆ ಜರುಗಿ ಕೂರುತ್ತಾಳೆ. ಎಲ್ಲವೂ ಆ ಸ್ಪಂಜಿನಲ್ಲಿ ಒತ್ತಿಕೊಂಡಿರುತ್ತಿತ್ತು.

ಔಷಧಿ ಅಂಗಡಿಯವನ ಸೀಟು ಬಂದಾಗ ಏನಾಯಿತು ಅಂತೀರಿ? ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು: "ಏನಣ್ಣಾ, ಮನೆಯವರು ತವರಿಗೆ ಹೋಗಿ ಬಹಳ ದಿನ ಆಯ್ತಲ್ಲ, ಹಿಂದಿನ ಸ್ಪಂಜು ಯಾಕೋ ಹೊಸದಾಗಿ ಕುಗ್ಗಿದೆ?"

"ಅಯ್ಯೋ ಅಕ್ಕಾ, ಔಷಧಿ ಡಬ್ಬ ಕಟ್ಕೊಂಡು ಓಡಾಡಿದ್ದು! ನನ್ನಾಣೆಗೂ ಡಬ್ಬ!"

ಡಬ್ಬವೆಂದು ಅವಳಿಗೂ ಗೊತ್ತಿತ್ತು. ಚೂಪು ಮೂಲೆಗಳ ಗುರುತು ಎದ್ದು ಕಾಣುತ್ತಿತ್ತು. ಆದರೂ ಅವನ ಮುಖ ಕೆಂಪಾಗುವುದನ್ನು ನೋಡದೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೆ.

ಅಂಗಡಿ ಅವಳ ಅಪ್ಪನದು. ಅಪ್ಪ ಕಣ್ಣು ಮುಚ್ಚಿದಾಗ ತಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದ. ಅಂದು ಮಿಷನ್ನಿನ ಮುಂದೆ ಕೂತವಳು ತಮ್ಮನನ್ನು ಓದಿಸಿ, ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸಕ್ಕೆ ಕೂರಿಸಿ, ಮದುವೆಯನ್ನೂ ಮಾಡಿದಳು. ತನ್ನ ಮದುವೆಯ ಮಾತು ಬಂದರೆ "ಅಳತೆ ಸರಿಹೋಗಲಿಲ್ಲ" ಎಂದು ದಾರ ಕಡಿಯುತ್ತಿದ್ದಳು. ಕೂದಲು ನರೆಯತೊಡಗಿದ ಮೇಲೆ ಕೇಳುವವರೂ ಸುಮ್ಮನಾದರು.

ಇಂಥ ಅಂಗಡಿಗೆ ಒಂದು ಬೆಳಿಗ್ಗೆ ಬೆಟ್ಟದ ಮೇಲಿನ ಹಳ್ಳಿಯಿಂದ ಒಬ್ಬ ಬಂದ. ಹಿಟ್ಟಿನ ಗಿರಣಿಯವನು. ಹುಬ್ಬಿನಲ್ಲಿ, ಕಿವಿಯ ಸಂದಿನಲ್ಲಿ, ಕೋಟಿನ ಗುಂಡಿಯ ತೂತಿನಲ್ಲಿ ಕೂಡ ಹಿಟ್ಟು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವನು. ಅವನ ಸೀಟಿನ ಮುಂಭಾಗ ಕಾಗದದಷ್ಟು ತೆಳ್ಳಗಾಗಿತ್ತು, ಹಿಂಭಾಗ ಮಾತ್ರ ಹೊಸದರ ಹಾಗೆಯೇ ಉಬ್ಬಿಕೊಂಡಿತ್ತು.

"ಹಿಂದೆ ಯಾರೂ ಕೂರಲ್ವಾ?" ಎಂದಳು ಸೀಟಕ್ಕ.

"ಹಿಟ್ಟಿನ ಚೀಲ ಕೂಡ ಮುಂದೇನೇ ಇಟ್ಕೋತೀನಿ ಅಕ್ಕಾ."

"ನಿಮಗೆ ನಾನು ಅಕ್ಕನ ಥರ ಕಾಣ್ತೀನಾ? ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತು?"

ಗಿರಣಿಯವನು ನಾಲಿಗೆ ಕಚ್ಚಿಕೊಂಡ. ಅಂದಿನಿಂದ ಅವಳನ್ನು ಏನೆಂದು ಕರೆಯಬೇಕೆಂದೇ ತಿಳಿಯದೆ, ಮಾತಿಗೆ ಮುಂಚೆ ಒಂದು ಕೆಮ್ಮು ಕೆಮ್ಮತೊಡಗಿದ.

ಹೊಸ ಸೀಟು ಹಾಕಿಸಿಕೊಂಡು ಹೋದವನು ಸ್ವಲ್ಪ ದಿನಕ್ಕೇ ವಾಪಸು ಬಂದು ಕೆಮ್ಮಿದ. ಹೊಲಿಗೆ ಬಿಟ್ಟಿದೆಯಂತೆ. ಅಪ್ಪನ ಕಾಲದಿಂದ ಈ ಅಂಗಡಿಯ ಹೊಲಿಗೆ ಬಿಟ್ಟು ವಾಪಸು ಬಂದದ್ದೇ ಇಲ್ಲ. ಬಾಯಿ ತೆರೆದ ಆ ಹೊದಿಕೆಯನ್ನು ತಿರುಗಿಸಿ ನೋಡಲೂ ಸೀಟಕ್ಕನಿಗೆ ನಾಚಿಕೆ. ಮೂಲೆಗೆ ಎಸೆದು ಹೊಸದನ್ನೇ ಹೊಲಿದುಕೊಟ್ಟಳು. ಗಿರಣಿಯವನು ಮೆಲ್ಲನೆ, "ಆ ಹಳೇದನ್ನೂ ಕೊಟ್ಬಿಡಿ, ಯಾವುದಕ್ಕಾದ್ರೂ ಆಗುತ್ತೆ" ಎಂದು ಮಡಿಸಿಕೊಂಡು ಹೋದ.

ಅದೂ ಬಿಟ್ಟಿತು. ದಪ್ಪ ದಾರ ತರಿಸಿದಳು, ಬಿಟ್ಟಿತು. ಸೂಜಿ ಬದಲಿಸಿದಳು, ಬಿಟ್ಟಿತು. ಜೋಡಿ ಹೊಲಿಗೆ ಹಾಕಿದಳು. ಅದು ಬಿಡಲು ಸ್ವಲ್ಪ ಹೆಚ್ಚು ದಿನ ಹಿಡಿಯಿತು, ಆದರೂ ಬಿಟ್ಟಿತು. ಪ್ರತಿ ಸಲವೂ ಗಿರಣಿಯವನು ಹೊಸ ಹೊದಿಕೆ ಹೊಲಿದು ಮುಗಿಯುವವರೆಗೂ ಬೆಕ್ಕನ್ನು ಆಚೆ ಸರಿಸಿ ಸ್ಪಂಜಿನ ಗುಡ್ಡೆಯ ಮೇಲೆ ಕೂತು, ಅವಳು ತುಳಿಯುವುದನ್ನು, ಕತ್ತರಿಸುವುದನ್ನು ನೋಡುತ್ತಿದ್ದ. ಒಮ್ಮೆ ಬಾಚಿದ ತಲೆಯಲ್ಲಿ ಬಂದ. ಇನ್ನೊಮ್ಮೆ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದ. ಇವನು ಯಾತಕ್ಕೆ ಬರುತ್ತಾನೆಂದು ಇಡೀ ಬೀದಿಗೆ ಗೊತ್ತಾಯಿತು, ಬಹುಶಃ ಬೆಕ್ಕಿಗೂ ಗೊತ್ತಾಗಿತ್ತು. ಊರವರ ಸೀಟನ್ನೆಲ್ಲ ಓದುವ ಸೀಟಕ್ಕನಿಗೆ ಮಾತ್ರ ಕಂಡದ್ದು ಬಿಚ್ಚಿಹೋದ ಹೊಲಿಗೆ.

ಬೀದಿಯವರು ನಗುತ್ತಿದ್ದರು. ಅವಳ ಒಳಗೆ ಏನಾಗುತ್ತಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಕನ್ನಡಕ ಕೊಂಡಳು. ದೀಪಕ್ಕೆ ಕೈ ಹಿಡಿದು, ಬೆರಳು ನಡುಗುತ್ತಿದೆಯೇ ಎಂದು ನೋಡಿಕೊಂಡಳು. ಬೇರೆಯವರಿಗೆ ಹೊಲಿದ ಸೀಟುಗಳನ್ನು ಬೀದಿಯಲ್ಲಿ ನಿಲ್ಲಿಸಿ ಎಳೆದೆಳೆದು ಪರೀಕ್ಷಿಸಿದಳು. ಕಡೆಗೆ ಒಂದು ಸಂಜೆ ಊಟದ ಮೇಜಿನ ಮುಂದೆ ತಮ್ಮನಿಗೆ ಹೇಳಿಬಿಟ್ಟಳು.

"ಲೋ, ಮಿಷನ್ನಿಗೆ ಗಿರಾಕಿ ನೋಡು. ನನ್ನ ಕೈ ಹೋಯ್ತು."

"ಏನಕ್ಕಾ ಹೀಗಂತೀಯ? ಒಂದು ಸೀಟಿಗೆ..."

"ಒಂದೇ ಸೀಟು ಎಷ್ಟು ಸಲ ಕಣೋ? ಭಾನುವಾರ ಆ ಬೆಟ್ಟದ ದಾರಿ ನೋಡ್ಕೊಂಡು ಬರ್ತೀನಿ. ದಾರಿ ತುಂಬಾ ಗುಂಡಿ ಇದ್ರೆ ತಪ್ಪು ಗುಂಡಿದು. ದಾರಿ ಚೆನ್ನಾಗಿದ್ರೆ ತಪ್ಪು ನಂದು. ಅಂಗಡಿ ಬಾಗಿಲು ಹಾಕ್ತೀನಿ."

ತಮ್ಮನೋ, ಬೈಕೆಂದರೆ ಬೆವರುವವನು. ಅವನ ಹೆಂಡತಿ ಹಾಗಲ್ಲ. ಅವಳು ಬೈಕಿನಲ್ಲೇ ಮನೆಮನೆಗೆ ಹೋಗಿ ಕಾಯಿಲೆಯವರಿಗೆ ಸೂಜಿ ಚುಚ್ಚುವ ನರ್ಸು. ಬಾಯಿಯೂ ಹಾಗೇ ಚೂಪು. "ಬನ್ನಿ ಅತ್ತಿಗೆ, ನಾನು ಕರ್ಕೊಂಡು ಹೋಗ್ತೀನಿ" ಎಂದಳು.

ಭಾನುವಾರ ಬೆಳಿಗ್ಗೆ ಹೊರಟರು. ಬೈಕಿನ ಹಿಂದೆ ಹೇಗೆ ಕೂರಬೇಕೆಂದು ಊರಿಗೆಲ್ಲ ಪಾಠ ಹೇಳಿದ ಸೀಟಕ್ಕ, ತಾನು ಕೂತದ್ದು ಮಾತ್ರ ಹಲ್ಲು ಕೀಳಿಸಿಕೊಳ್ಳಲು ಹೋದವಳ ಹಾಗೆ. ಊರು ದಾಟುವವರೆಗೆ ಎದುರು ಬಂದ ಬೈಕುಗಳ ಸೀಟಿಗೆಲ್ಲ ಏನಾದರೊಂದು ಹೆಸರಿಟ್ಟಳು. ಬೆಟ್ಟ ಏರತೊಡಗಿದ ಮೇಲೆ ಕಣ್ಣು ಮುಚ್ಚಿದಳು. ಒಂದು ಪಕ್ಕಕ್ಕೆ ಬಂಡೆ, ಇನ್ನೊಂದು ಪಕ್ಕಕ್ಕೆ ಬರೀ ಗಾಳಿ.

"ಗುಂಡಿ ಬಂತೇನೇ?"

"ಇನ್ನೂ ಇಲ್ಲ ಅತ್ತಿಗೆ."

ತಿರುವಿನ ಮೇಲೆ ತಿರುವು ಕಳೆಯಿತು. ಗಾಡಿ ಎಣ್ಣೆಯಲ್ಲಿ ಜಾರಿದಂತೆ ಏರುತ್ತಿತ್ತು.

"ಈಗ ಬಂತಾ?"

"ಮುಂದೆ ಇರಬಹುದು."

ಅರ್ಧ ದಾರಿಯಲ್ಲಿ ಒಂದು ಚಹಾ ಅಂಗಡಿ. ಕೆಳಗೆ ಊರು ಅಂಗೈಯಗಲ ಕಾಣುತ್ತಿತ್ತು. ಸೀಟಕ್ಕ ಅದರತ್ತ ನೋಡಲೂ ಇಲ್ಲ, ಚಹಾದವಳನ್ನು ಕೇಳಿದಳು: "ಮೇಲಿನ ದಾರಿ ಹೇಗಮ್ಮಾ? ಬಹಳ ಕೆಟ್ಟಿದೆಯಂತೆ?"

"ಯಾರು ಹೇಳಿದ್ದು? ಹೊಸಾ ಡಾಂಬರು. ಗಾಡಿ ಮೇಲೆ ಲೋಟ ತುಂಬಾ ಚಹಾ ಇಟ್ಕೊಂಡು ಹೋಗಿ, ಒಂದು ಹನಿ ಚೆಲ್ಲಿದ್ರೆ ನನ್ನ ಕೇಳಿ."

ಸೀಟಕ್ಕ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟಳು. ಮತ್ತೆ ಗಾಡಿ ಹತ್ತಿದರು. ಹೆಗಲ ಮೇಲಿನ ಹಿಡಿತ ಸಡಿಲವಾದದ್ದು ನರ್ಸಿಗೆ ಗೊತ್ತಾಯಿತು. ಕನ್ನಡಿಯಲ್ಲಿ ಅತ್ತಿಗೆಯ ಮುಖ ನೋಡಿದಳು. ನೋಡಲಾಗಲಿಲ್ಲ. ಮುಂದಿನ ತಿರುವು ಕಳೆದದ್ದೇ ಗಾಡಿಯನ್ನು ಡಾಂಬರಿನಿಂದ ಅಂಚಿನ ಕಲ್ಲಿಗೆ ಇಳಿಸಿ ದಡಬಡ ಕುಣಿಸಿದಳು.

"ಅಯ್ಯಪ್ಪಾ! ನೋಡಿದ್ರಾ ಅತ್ತಿಗೆ, ಎಂಥಾ ಗುಂಡಿ!"

"ಬೇಕಂತಲೇ ಇಳಿಸಿದೆ. ಸೀಟಿನ ಮೇಲೆ ಕೂತೋರಿಗೆ ಗೊತ್ತಾಗಲ್ವಾ?" ಎಂದಳು ಸೀಟಕ್ಕ. ಆದರೂ ಅವಳ ಕೈ ಮತ್ತೆ ಹೆಗಲನ್ನು ಹಿಡಿಯಿತು.

ಹಳ್ಳಿಯೆಂದರೆ ಇಳಿಜಾರಿಗೆ ಅಂಟಿಕೊಂಡ ಒಂದಿಷ್ಟು ಮನೆ, ಕಲ್ಲಿನ ಗೋಡೆ, ಒಲೆಯ ಹೊಗೆ, ಎಲ್ಲದರ ನಡುವೆ ಗುಡುಗುಡು ಗಿರಣಿ. ಒಳಗೆ ಕಾಳಿನ ಚೀಲ ಇಟ್ಟುಕೊಂಡು ಜನ ಬೆಂಚಿನ ಮೇಲೆ ಕಾಯುತ್ತಿದ್ದರು. ಗಿರಣಿಯವನು ಯಂತ್ರದ ಹಿಂದೆ ಹಿಟ್ಟಿನ ಮೋಡದೊಳಗಿದ್ದ.

ಸೀಟಕ್ಕನ ಕಣ್ಣು ಮೊದಲು ಹೋದದ್ದು ಬೆಂಚಿಗೆ. ಅವಳು ಹೊಲಿದ ಹೊದಿಕೆಗಳೆಲ್ಲ ಅಲ್ಲಿದ್ದವು! ಒಳಗೆ ಹೊಟ್ಟು ತುಂಬಿ, ಹುರಿಯಿಂದ ಬಿಗಿದು, ಕಾಯುವವರಿಗೆ ಮೆತ್ತೆ ಮಾಡಿದ್ದ.

"ಅಜ್ಜೀ, ಸ್ವಲ್ಪ ಏಳ್ತೀರಾ?"

"ನನ್ನ ಸರದಿ ಬಂತಾ?" ಎಂದು ಅಜ್ಜಿ ಎದ್ದಳು.

ಸೀಟಕ್ಕ ಆ ಮೆತ್ತೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಕೊನೆಗೂ ತಿರುಗಿಸಿ ನೋಡಿದಳು. ಭಾರಕ್ಕೆ ಎಳೆದು ಕಿತ್ತ ಹೊಲಿಗೆಯಾದರೆ ಸೂಜಿಯ ತೂತು ಉದ್ದಕ್ಕೆ ಸೀಳಿರಬೇಕು. ಇಲ್ಲಿ ಪ್ರತಿ ತೂತೂ ಸೂಜಿ ಬಿದ್ದ ಹಾಗೆಯೇ ಗುಂಡಗಿತ್ತು. ಇನ್ನೊಂದನ್ನು ನೋಡಿದಳು, ಅದೂ ಹಾಗೆಯೇ. ಹೊರಗೆ ಓಡಿ, ಚಪ್ಪರದಡಿ ನಿಂತಿದ್ದ ಅವನ ಬೈಕು ನೋಡಿದಳು. ಈಚೆಗೆ ಹಾಕಿದ ಜೋಡಿ ಹೊಲಿಗೆ ಅರ್ಧ ಬಿಚ್ಚಿತ್ತು, ಬಿಚ್ಚಿದ ಕಡೆ ಸೂಜಿಯೊಂದು ಚುಚ್ಚಿಕೊಂಡೇ ಇತ್ತು.

ಹಿಂದಿನಿಂದ ಅಜ್ಜಿ ಹೇಳಿದಳು: "ಸಾಯಂಕಾಲ ಗಿರಣಿ ನಿಂತ ಮೇಲೆ ಇವನಿಗೆ ಇದೇ ಕೆಲಸ ಕಣಮ್ಮಾ. ಒಂದೊಂದೇ ಎಳೆ ಬಿಚ್ತಾ ಕೂರ್ತಾನೆ. ಕತ್ತರಿ ಹಾಕೋ, ಬೇಗ ಆಗುತ್ತೆ ಅಂದೆ. ಬೇಡಜ್ಜಿ, ಅವರು ಕಷ್ಟಪಟ್ಟು ಹೊಲ್ದಿದ್ದು, ರೆಕ್ಸಿನ್ ಹಾಳಾಗುತ್ತೆ ಅಂತಾನೆ."

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಗಿರಣಿ ನಿಲ್ಲಿಸಿದ್ದರು, ಮಾತು ಸರಿಯಾಗಿ ಕೇಳಿಸಲೆಂದು. ಗಿರಣಿಯವನು ಹೊರಗೆ ಬಂದ. ಮೈಯೆಲ್ಲ ಬೆಳ್ಳಗೆ, ಕಿವಿಗಳು ಮಾತ್ರ ಕೆಂಪಗೆ. ರೂಢಿಯಂತೆ ಕೆಮ್ಮಿದ.

"ಕೆಮ್ಮಿದ್ದು ಸಾಕು! ನನ್ನ ಹೊಲಿಗೆ ಬಿಚ್ಚೋಕೆ ನೀವ್ಯಾರ್ರೀ?"

"ಸೀಟು ಚೆನ್ನಾಗೇ ಇದ್ರೆ... ಮತ್ತೆ ಬರೋಕೆ ಏನು ನೆಪ ಹೇಳಲಿ?"

"ಬಾಯಿಲ್ವಾ? ಹೇಳೋದು ಹೇಳ್ಬೇಕು!"

"ಬಾಯಿದೆ. ನೀವು ಸ್ಪಂಜು, ದಾರ ಬಿಟ್ಟು ಬೇರೆ ಏನಾದ್ರೂ ಕೇಳಿದ್ರೆ ತಾನೇ ತೆರೆಯೋದು?"

ಜನ ಗೊಳ್ಳೆಂದು ನಕ್ಕರು. ಸೀಟಕ್ಕ ನಗಲಿಲ್ಲ.

"ನನ್ನ ಕೈ ಹೋಯ್ತು ಅಂದ್ಕೊಂಡಿದ್ದೆ. ಕನ್ನಡಕ ತಗೊಂಡೆ. ಅಪ್ಪನ ಮಿಷನ್ ಮಾರು ಅಂತ ತಮ್ಮನಿಗೆ ಹೇಳ್ಬಿಟ್ಟಿದ್ದೆ. ಗೊತ್ತಾ ನಿಮಗೆ?"

ನಗು ನಿಂತಿತು. ಗಿರಣಿಯವನು ಪಕ್ಕದ ಚೀಲದ ಮೇಲೆ ಕುಸಿದು ಕೂತ. "ಅದು ನನಗೆ ಹೊಳೀಲೇ ಇಲ್ಲ" ಎಂದ. "ನಿಮ್ಮ ಕೈ ಬಗ್ಗೆ ನಿಮಗೇ ಅನುಮಾನ ಬರುತ್ತೆ ಅಂತ ನನಗೆ ಹ್ಯಾಗೆ ಹೊಳೀಬೇಕು? ಆ ಜೋಡಿ ಹೊಲಿಗೆ ಬಿಚ್ಚೋಕೆ ಹೋಗಿ ಏನಾಗಿದೆ, ನನ್ನ ಬೆರಳು ನೋಡಿ."

ಬೆರಳ ತುದಿಯೆಲ್ಲ ಸೂಜಿಯ ಗೀರು. ಸೀಟಕ್ಕ ಆ ಬೆರಳುಗಳನ್ನು ನೋಡಿದಳು, ಬೈಕಿನ ಮೇಲೆ ಇನ್ನೂ ಬಿಚ್ಚದೆ ಉಳಿದಿದ್ದ ಅರ್ಧ ಹೊಲಿಗೆಯನ್ನು ನೋಡಿದಳು. ಅದು ಗೆರೆ ಎಳೆದಂತೆ ನೆಟ್ಟಗಿತ್ತು. ಹಿಡಿದು ಜಗ್ಗಿದಳು. ಅಲ್ಲಾಡಲಿಲ್ಲ. ಎರಡು ಕೈಯಲ್ಲಿ ಜಗ್ಗಿದಳು. ಬೈಕೇ ಅಲ್ಲಾಡಿತು. ಆಗ ಅವಳ ಮುಖ ಅರಳಿದ್ದನ್ನು ಇಡೀ ಹಳ್ಳಿ ನೋಡಿತು.

"ಈ ಮೆತ್ತೆ ಎಲ್ಲಾ ಕಟ್ಕೊಂಡು ಮುಂದಿನ ವಾರ ಬನ್ನಿ" ಎಂದಳು. "ಬಿಚ್ಚಿದ ಹೊಲಿಗೆ ಒಂದೂ ಬಿಡದೆ ನೀವೇ ಹಾಕ್ಬೇಕು. ನನ್ನ ಅಂಗಡಿ ಬಾಗಿಲಲ್ಲಿ, ಬೀದಿ ಎದುರಿಗೆ."

"ನನಗೆ ಹೊಲಿಗೆ ಬರಲ್ಲ..."

"ಬಿಚ್ಚೋಕೆ ಬಂತಲ್ಲ?"

ಇಳಿಯುವ ದಾರಿಯಲ್ಲಿ ಅವಳು ಕಣ್ಣು ಮುಚ್ಚಲೇ ಇಲ್ಲ. "ಗುಂಡಿ ಬೇಕಾ ಅತ್ತಿಗೆ?" ಎಂದು ನರ್ಸು ಕೇಳಿದರೆ, "ಬಾಯಿ ಮುಚ್ಕೊಂಡು ಗಾಡಿ ಓಡಿಸೇ" ಎಂದು ಬೆನ್ನಿಗೆ ಒಂದು ಕೊಟ್ಟಳು.

ಗಿರಣಿಯವನು ಬಂದ. ವಾರವಾರ ಬಂದ. ಮಿಷನ್ನಿನ ಮುಂದೆ ಗೂನು ಬೆನ್ನು ಮಾಡಿ ಕೂತು ಹೊಲಿದ. ಅವನ ಹೊಲಿಗೆ ಕುಡಿದವನ ನಡಿಗೆಯಂತಿತ್ತು. ಕೆಲಸವಿಲ್ಲದವರು ಕುರ್ಚಿ ತಂದು ಹಾಕಿಕೊಂಡು ನೋಡಿದರು, ಕೆಲಸವಿದ್ದವರು ನಿಂತೇ ನೋಡಿದರು. ಸೀಟಕ್ಕ ಸರಿಯಿಲ್ಲವೆಂದು ಬಿಚ್ಚಿಸುತ್ತಿದ್ದಳು, ಅವನು ಮತ್ತೆ ಹೊಲಿಯುತ್ತಿದ್ದ. ಈಗಂತೂ ಅವರಿಬ್ಬರೂ ಸ್ಪಂಜು, ದಾರದ ಮಾತಾಡುವುದೇ ಅಪರೂಪವಾಗಿತ್ತು.

ಒಂದು ದಿನ ಕೊನೆಯ ಹೊದಿಕೆಯೂ ಮುಗಿಯಿತು. ಇನ್ನು ಬರಲು ನೆಪವಿಲ್ಲ. ಅವನು ದಾರದ ಉಂಡೆಯನ್ನು ಕೈಯಲ್ಲಿ ಸುತ್ತುತ್ತ ಕೂತ.

"ಬೆಟ್ಟದ ಮೇಲೆ ಕರೆಂಟು ದಿನಾ ಇರುತ್ತಾ?" ಎಂದಳು ಸೀಟಕ್ಕ, ಕತ್ತರಿ ಒರೆಸುತ್ತ.

"ಇರುತ್ತೆ. ಯಾಕೆ?"

"ನನ್ನ ಮಿಷನ್ನಿಗೆ ಮೋಟಾರು ಹಾಕಿಸಬೇಕು ಅಂತಿದ್ದೀನಿ. ಗಿರಣಿ ಪಕ್ಕ ಒಂದು ಕೋಣೆ ಖಾಲಿ ಇದೆಯಲ್ಲ?"

ಗಿರಣಿಯವನಿಗೆ ಕೆಮ್ಮು ಬಂತು. ಹೊರಗೆ ಕುರ್ಚಿ ಹಾಕಿ ಕೂತವರೇ ಚಪ್ಪಾಳೆ ತಟ್ಟಿ ಅವನ ಪರವಾಗಿ ಒಪ್ಪಿಕೊಂಡರು.

ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಮಿಷನ್ನು, ರೆಕ್ಸಿನ್ ಸುರುಳಿಗಳು ಹಿಟ್ಟಿನ ಚೀಲ ಸಾಗಿಸುವ ಟೆಂಪೋದಲ್ಲಿ ಮುಂಚೆಯೇ ಬೆಟ್ಟ ಹತ್ತಿದವು. ಆಮೇಲೆ ಸೀಟಕ್ಕ ತಮ್ಮನ ಮನೆಗೆ ಎಷ್ಟೋ ಸಲ ಬಂದು ಹೋದಳು, ಆದರೆ ನೆಂಟರ ಹಾಗೆ. ಆ ಮನೆಯವಳಾಗಿ ಹೊರಟದ್ದು ಗಂಡನ ಊರಿಗೆ ಹೋದ ದಿನವೇ ಕೊನೆ.

ಅಂದು ಬೆಳಿಗ್ಗೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ ತಮ್ಮ ಹೊರಗೆ ಬರಲೇ ಇಲ್ಲ. ನಲ್ಲಿ ಜೋರಾಗಿ ಬಿಟ್ಟುಕೊಂಡಿದ್ದ.

"ಲೋ, ನೀರು ಮುಗಿಯುತ್ತೆ, ಬಾರೋ ಆಚೆ" ಎಂದು ಸೀಟಕ್ಕ ಬಾಗಿಲು ಬಡಿದಳು.

"ಮುಖ ತೊಳೀತಿದ್ದೀನಿ!"

"ಇಷ್ಟು ಹೊತ್ತಾ? ನಿನ್ನ ಮುಖ ಅಷ್ಟು ದೊಡ್ಡದಿಲ್ಲ."

ಬಾಗಿಲು ತೆರೆಯಿತು. ಮುಖ ತೊಳೆದಿದ್ದ, ಕಣ್ಣು ಮಾತ್ರ ಇನ್ನೂ ಒದ್ದೆಯಾಗುತ್ತಲೇ ಇತ್ತು. ಸೀಟಕ್ಕ ತನ್ನ ಶಾಲಿನ ತುದಿಯಿಂದ ಅವನ ಕಿವಿಯ ಹಿಂದಿನ ಸೋಪಿನ ನೊರೆ ಒರೆಸಿದಳು. ಮುಂದಿನ ಕೋಣೆಯಲ್ಲಿ ಬಿದ್ದಿದ್ದ ಚೂರುಪಾರು ಗುಡಿಸಲು ಪೊರಕೆ ತೆಗೆದುಕೊಂಡಳು. ತಮ್ಮನ ಹೆಂಡತಿ ಅದನ್ನು ಕಿತ್ತುಕೊಂಡು, "ನೀವು ಗುಡಿಸ್ತಾ ಕೂತ್ರೆ ಅಲ್ಲಿ ಅವರು ಕೆಮ್ಮಿ ಕೆಮ್ಮಿ ಸಾಯ್ತಾರೆ, ನಡೀರಿ ಅತ್ತಿಗೆ" ಎಂದಳು.

ಸೀಟಕ್ಕ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಅರ್ಧಕ್ಕೆ ನಿಂತು, ತಿರುಗದೆಯೇ, ಮುಂದಿನ ಕೋಣೆಯ ಕಿಟಕಿಯ ಕೊಂಡಿ ಸರಿಯಾಗಿ ಕೂರುವುದಿಲ್ಲ, ಗಾಳಿ ಬಂದರೆ ಹೊಡೆದುಕೊಳ್ಳುತ್ತದೆ, ರಿಪೇರಿ ಮಾಡಿಸಿ ಎಂದು ಗಟ್ಟಿಯಾಗಿ ಹೇಳಿದಳು. ಆಮೇಲೆ ಹೊರಟಳು.