ಪರಿಚಯವಿಲ್ಲದ ಗಿರಾಕಿ

ಕ್ಯೋಟೊದ ಒಂದು ಇಸ್ತ್ರಿ ಅಂಗಡಿಯ ಹಿಂದೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿಯಲ್ಲಿ, ತೊಮಿಕೊಳ ಊಟದ ಮನೆ. ಬೋರ್ಡಿಲ್ಲ. ಕೌಂಟರಿನ ಮುಂದೆ ಒಂದೇ ಸಾಲು ಕುರ್ಚಿ. ಹಳೆಯ ಗಿರಾಕಿಯೊಬ್ಬ ಕರೆತಂದು ಇವರು ನಮ್ಮವರು ಎಂದರೆ ಮಾತ್ರ ಹೊಸಬರಿಗೆ ಜಾಗ. ಬಂದವನು ಕುಡಿದು ರಂಪ ಮಾಡಿದರೆ ಕರೆತಂದವನ ಮಾನ ಹೋಗುತ್ತಿತ್ತು.

ಈ ಕಟ್ಟುಪಾಡನ್ನು ಅವಳಿಗೆ ಕಲಿಸಿದವರು ಮುರಾಸೆ ಗುರುಗಳು. ಅವರ ಊಟದ ಮನೆಯಲ್ಲಿ ಪಾತ್ರೆ ತೊಳೆಯುತ್ತ, ತರಕಾರಿ ಹೆಚ್ಚುತ್ತ ಅವಳ ಯೌವನ ಸವೆದಿತ್ತು. ಕೊನೆಗೊಂದು ದಿನ ಹಾಮೊ ಮೀನಿಗೆ ಕೈ ಹಾಕಿದಳು. ಮೈತುಂಬ ಮುಳ್ಳಿರುವ ಮೀನು ಅದು; ಚರ್ಮ ಹರಿಯದಂತೆ ಮುಳ್ಳನ್ನು ನಾಲಿಗೆಗೆ ತಾಕದಷ್ಟು ಸಣ್ಣಗೆ ಕತ್ತರಿಸುತ್ತ ಹೋಗಬೇಕು. ಗುರುಗಳು ಕತ್ತಿ ಕಿತ್ತುಕೊಂಡು, ಹೆಂಗಸಿನ ಕೈಗೆ ಇದು ಒಲಿಯುವುದಿಲ್ಲ, ಗಿರಾಕಿಗಳ ಮುಂದೆ ನಿಂತು ಅಡುಗೆ ಮಾಡುವ ಕನಸು ಬಿಡು ಎಂದರು. ಅದೂ ಎಲ್ಲರೆದುರು. ತೊಮಿಕೊ ಅವತ್ತೇ ಏಪ್ರನ್ ಬಿಚ್ಚಿಟ್ಟು ಹೊರಬಿದ್ದಳು.

ವರ್ಷಗಳು ಉರುಳಿದವು. ಈ ಬೇಸಿಗೆಯ ಒಂದು ಸಂಜೆ ಬಾಗಿಲು ಸರಿಯಿತು. ಮುರಾಸೆಯೇ ನಿಂತಿದ್ದರು, ಒಬ್ಬರೇ. ತೊಮಿಕೊ ಕತ್ತಿ ಕೆಳಗಿಟ್ಟಳು. ಗುರುಗಳೆಂದು ಒಳಗೆ ಕರೆದರೆ, ಪರವಾಗಿಲ್ಲ ಕಣೇ ಎಂದು ಬೆನ್ನು ತಟ್ಟಿ ಹೋಗುತ್ತಾರೆ. ಅವಳಿಗೆ ಆ ಭಿಕ್ಷೆ ಬೇಕಿರಲಿಲ್ಲ. ಎಲ್ಲರಂತೆ ಗಿರಾಕಿಯಾಗಿ ಕೂತು ಅವರು ತನ್ನ ಕೈಯಡುಗೆ ತಿನ್ನಬೇಕಿತ್ತು.

"ಯಾರ ಪರಿಚಯದ ಮೇಲೆ ಬಂದ್ರಿ, ಗುರುಗಳೇ?"

ಉಣ್ಣುತ್ತಿದ್ದವರ ಕೈಗಳು ನಿಂತವು. ಇದೇ ಪ್ರಶ್ನೆ ಕೇಳಿ ಮಂತ್ರಿಗಳನ್ನೇ ತಮ್ಮ ಬಾಗಿಲಿಂದ ಅಟ್ಟಿದ್ದ ಗುರುಗಳು ಕಿವಿಯವರೆಗೆ ಕೆಂಪಾಗಿ ಹೊರಟುಹೋದರು. ದುಡುಕಿದೆನೇನೋ ಎಂದು ತೊಮಿಕೊ ಮತ್ತೆ ಮತ್ತೆ ಬಾಗಿಲತ್ತ ನೋಡಿದಳು.

ಸ್ವಲ್ಪ ಹೊತ್ತಿಗೆ ಅವರಿಗೂ ತೊಮಿಕೊಗೂ ಮೀನು ಮಾರುವ, ಇಲ್ಲಿಯ ಹಳೆಯ ಗಿರಾಕಿಯೂ ಆದ ಗೆನ್ಜೊ ಬಂದ. ಬೆನ್ನ ಹಿಂದೆ ಮುರಾಸೆ.

"ಅಕ್ಕಾ, ಇವ್ರು ನಮ್ಮವ್ರು. ರಂಪ ಮಾಡಿದ್ರೆ ನಾನು ಜವಾಬ್ದಾರ," ಎಂದ ಗೆನ್ಜೊ, ನಗು ಅದುಮಿಕೊಂಡು.

ತೊಮಿಕೊ ಕುರ್ಚಿ ತೋರಿಸಿ, ಅವರ ಕಣ್ಣೆದುರೇ ಹಾಮೊ ಹರವಿದಳು. ಕತ್ತಿಯ ಸರಸರ ಸದ್ದು ಒಂದು ಕಡೆಯೂ ತಡೆಯಲಿಲ್ಲ. ಬಿಸಿನೀರಿಗಿಳಿದ ತುಂಡುಗಳು ಹೂವಿನಂತೆ ಬಿರಿದವು. ಮುರಾಸೆ ಬಾಯಿಗಿಟ್ಟು ನಾಲಿಗೆಯಲ್ಲೇ ಮುಳ್ಳು ಹುಡುಕಿದರು, ಹಟ ಹಿಡಿದು ಹುಡುಕಿದರು. ಸಿಗಲಿಲ್ಲ. ತಟ್ಟೆ ಮುಂದೆ ತಳ್ಳಿ ಇನ್ನೊಂದು ಸಲ ಹಾಕೆಂದರು.

ಏಳುವಾಗ ಅವರೇ ಮಾತು ತೆಗೆದರು. "ಅವತ್ತು ನಾನಂದಿದ್ದು ತಪ್ಪು, ತೊಮಿಕೊ. ಮುಂದಿನ ವಾರ ನನ್ ಹುಡುಗ್ರನ್ನ ಕರ್ಕೊಂಡ್ ಬರ್ತೀನಿ, ನಿನ್ನ ಕೈ ನೋಡಿ ಕಲೀಲಿ. ನನ್ ಪರಿಚಯ ಸಾಕಲ್ಲ?"

ತೊಮಿಕೊ ಅವರ ತಟ್ಟೆ ಎತ್ತಿಕೊಂಡಳು. ಕಟ್ಟುಪಾಡು ಮಾತ್ರ ಬಿಡಲಿಲ್ಲ.

"ನೀವಿನ್ನೂ ಹೊಸಬ್ರು. ಇನ್ನೊಂದೆರಡು ಸಲ ಊಟಕ್ಕೆ ಬನ್ನಿ, ಆಮೇಲೆ ನೋಡೋಣ."

ಗೆನ್ಜೊ ಬಿದ್ದು ಬಿದ್ದು ನಕ್ಕ. ಮುರಾಸೆ ನಗಲಿಲ್ಲ. ಸೊಂಟ ಬಗ್ಗಿಸಿ ಅವಳಿಗೆ ವಂದಿಸಿ, ನಾಳೆಗೂ ನಾಡಿದ್ದಿಗೂ ತನಗೊಂದು ಕುರ್ಚಿ ಹಿಡಿದಿಡಬೇಕೆಂದು ಕೇಳಿಕೊಂಡರು.