ತಾಲೀಮಿನ ಸಾಕ್ಷಿ

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ವಕೀಲರ ಕಚೇರಿಗೆ ಕಂಪನಿಯವರು ಮಾತ್ರ ಬರುತ್ತಿದ್ದರು. ಯಾರನ್ನು ಹೇಗೆ ಕೆಲಸದಿಂದ ತೆಗೆಯಬೇಕು, ತೆಗೆದವನು ಕೋರ್ಟಿಗೆ ಹೋದರೆ ಏನು ಹೇಳಬೇಕು, ಪಿಂಚಣಿ ಕೇಳಿ ಬಂದವರನ್ನು ಹೇಗೆ ಸಾಗಹಾಕಬೇಕು, ಎಲ್ಲಕ್ಕೂ ಅಲ್ಲಿ ಮದ್ದಿತ್ತು. ಅಲ್ಲಿನ ಟೈಪಿಸ್ಟಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ವಕೀಲರು ವಯಸ್ಸಿನಲ್ಲಿ ಆಕೆಗಿಂತ ದೊಡ್ಡವರು, ಅವರ ಬಾಯಲ್ಲೂ ಅಕ್ಕನೇ.

ಅಕ್ಕನಿಗೆ ಇನ್ನೊಂದು ಕೆಲಸವೂ ಗಂಟುಬಿದ್ದಿತ್ತು. ವಿಚಾರಣೆಗೆ ಮುಂಚೆ ವಕೀಲರು ಒಳಕೋಣೆಯಲ್ಲಿ ತಾಲೀಮು ನಡೆಸುತ್ತಿದ್ದರು. ಮೇಜಿನ ಈಚೆ ಕಂಪನಿಯ ಮ್ಯಾನೇಜರ್, ಆಚೆ ಅಕ್ಕ. ಅಕ್ಕ ಎಂದರೆ ಎದುರು ಪಕ್ಷ. ಒಮ್ಮೆ ಕೆಲಸ ಕಳೆದುಕೊಂಡ ಡ್ರೈವರ್, ಒಮ್ಮೆ ಬೆರಳು ಹೋದ ಫಿಟ್ಟರ್, ಒಮ್ಮೆ ಬಸುರಿಯಾದ ತಪ್ಪಿಗೆ ಕೆಲಸ ಹೋದ ಹೊಲಿಗೆಯವಳು. ವಕೀಲರು ಪಾಟೀಸವಾಲು ಹಾಕುವುದು, ಅಕ್ಕ ಉತ್ತರ ಕೊಡುವುದು. ಫಿಟ್ಟರ್ ಆದ ದಿನ ಆಕೆ ಕೈಯನ್ನು ಮೇಜಿನಡಿ ಬಚ್ಚಿಟ್ಟುಕೊಂಡ ರೀತಿ ನೋಡಿ ಒಬ್ಬ ಮ್ಯಾನೇಜರ್ ನಿಜಕ್ಕೂ ಬೆವರಿದ್ದ.

"ನೀವು ಸಿನಿಮಾಕ್ಕೆ ಹೋಗ್ಬೇಕಿತ್ತು ಅಕ್ಕ" ಎಂದಿದ್ದರು ವಕೀಲರು.

"ಹೋಗಿದ್ರೆ ನಿಮ್ಮ ತಪ್ಪನ್ನೆಲ್ಲ ತಿದ್ದಿ ಟೈಪ್ ಮಾಡೋರು ಯಾರು ಸಾರ್?"

ಆಕೆಗೆ ಅದು ಪಾಪವೆನ್ನಿಸಿರಲಿಲ್ಲ. ಹೊಟ್ಟೆಪಾಡು ಎನ್ನುವ ಮಾತಿನೊಳಗೆ ಎಷ್ಟೆಲ್ಲ ತುರುಕಬಹುದೋ ಅಷ್ಟನ್ನೂ ತುರುಕಿ ನೆಮ್ಮದಿಯಾಗಿದ್ದಳು. ಗಂಡ ಬಣ್ಣದ ಗಿರಣಿಯಲ್ಲಿದ್ದ. ಕುದಿಯುವ ತೊಟ್ಟಿಗೆ ಬಿದ್ದು ಸತ್ತ. ಗಿರಣಿಯವರು ಪಿಂಚಣಿ ಕೊಡಲು ತಕರಾರು ಮಾಡಲಿಲ್ಲ, ಯಾರೂ ಆಕೆಯನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಪಿಂಚಣಿ ಮತ್ತು ಈ ನೌಕರಿಯಲ್ಲಿ ಮಗಳನ್ನು ಓದಿಸಿ ನರ್ಸ್ ಮಾಡಿದ್ದಳು.

ಆಮೇಲೆ ಕಾಗದದ ಕಾರ್ಖಾನೆಯ ಕೇಸು ಬಂತು. ಅಟ್ಟಣಿಗೆಯ ಮೇಲಿಂದ ಬಿದ್ದು ಒಬ್ಬ ಕೂಲಿಯಾಳು ಸತ್ತಿದ್ದ. ಅವನ ಹೆಂಡತಿ, ಇನ್ನೂ ಚಿಕ್ಕ ಹುಡುಗಿ, ಪರಿಹಾರ ಮತ್ತು ಪಿಂಚಣಿ ಕೇಳಿದ್ದಳು. ಅಪಘಾತ ಎಂದಾದರೆ ಅಟ್ಟಣಿಗೆಯ ಅಂಚಿನಲ್ಲಿ ಅಲುಗಾಡುತ್ತಿದ್ದ ಕಂಬಿಯ ಮಾತು ಬರುತ್ತದೆ, ಕಂಪನಿಗೆ ಅದು ಬೇಡ. ಅಕ್ಕ ಆ ಹೆಂಡತಿಯಾಗಿ ಕುಳಿತಳು.

ಕುಡಿಯುತ್ತಿದ್ದನಾ ಎಂದರು ವಕೀಲರು. ಇಲ್ಲ. ಕಾಯಿಲೆಯಿತ್ತಾ? ಇಲ್ಲ. ಯಾವುದೂ ಗಿಟ್ಟಲಿಲ್ಲ. ಮ್ಯಾನೇಜರ್ ಮುಖ ಸಪ್ಪಗಾಯಿತು. ವಕೀಲರು ಸುಮ್ಮನೆ ಕೇಳಿದರು: "ಅವತ್ತು ಬೆಳಿಗ್ಗೆ ಹೊರಡುವಾಗ ನಿಮ್ಮ ಗಂಡ ಏನು ಹೇಳಿದ್ರು?"

ಬರ್ತೀನಿ ಅಂದ್ರು ಎಂದರೆ ಮುಗಿಯುತ್ತಿತ್ತು. ಅಕ್ಕನ ಬಾಯಿಂದ ಬೇರೆಯೇ ಬಂತು.

"ಅವರೇನೂ ಹೇಳ್ಲಿಲ್ಲ. ನಾನೇ ಹೇಳ್ದೆ. ಮತ್ತೆ ಈ ಮನೆ ಹೊಸಿಲು ತುಳೀಬೇಡಿ ಅಂದ್ಬಿಟ್ಟೆ."

ಮಗಳಿಗೂ ಹೇಳದ ಮಾತು ಅದು. ಮ್ಯಾನೇಜರ್ ಚಪ್ಪಾಳೆ ತಟ್ಟಿದ. ವಕೀಲರು ತಟ್ಟಲಿಲ್ಲ, ಎಷ್ಟೋ ಸಾಕ್ಷಿಗಳಿಗೆ ನೀರು ಕುಡಿಸಿದವರಿಗೆ ಅದು ನಟನೆಯಲ್ಲವೆಂದು ತಿಳಿಯದೇ? "ಸ್ವಲ್ಪ ನೀರು ಕುಡೀರಿ ಅಕ್ಕ" ಎಂದು ಲೋಟ ಮುಂದಿಟ್ಟು, ಪ್ರಶ್ನೆಯನ್ನು ಬರೆದುಕೊಂಡರು.

ಮರುದಿನ ಅಕ್ಕ ಅವರ ಮುಂದೆ ನಿಂತಳು. "ಸಾರ್, ಆ ಪ್ರಶ್ನೆ ಬಿಟ್ಟುಬಿಡಿ."

"ಯಾಕೆ?"

"ಅದು ನನ್ನ ಮನೇದು ಸಾರ್. ಆ ಹುಡುಗೀದಲ್ಲ."

"ಹಾಗಿದ್ರೆ ಅವಳು ಇಲ್ಲ ಅಂತಾಳೆ. ನಮಗೇನು ನಷ್ಟ?"

ಅಕ್ಕ ಹೋಗಿ ಟೈಪ್ ಮಾಡತೊಡಗಿದಳು.

ಕಾರ್ಮಿಕ ನ್ಯಾಯಾಲಯದಲ್ಲಿ ಹುಡುಗಿ ಗಟ್ಟಿಯಾಗಿಯೇ ಉತ್ತರಿಸಿದಳು. ಕಂಬಿ ಅಲುಗಾಡುತ್ತದೆಂದು ಗಂಡ ಎಷ್ಟು ಸಲ ಹೇಳಿದ್ದನೆಂಬುದನ್ನೂ ಹೇಳಿದಳು. ಅಕ್ಕ ವಕೀಲರ ಹಿಂದೆ ಫೈಲುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಕೊನೆಗೆ ಆ ಪ್ರಶ್ನೆ ಬಂತು. ಬರ್ತೀನಿ ಅಂದ್ರು ಅನ್ನು, ಅಂದುಬಿಡು ತಾಯಿ, ಎಂದು ಅಕ್ಕ ಒಳಗೊಳಗೇ ಅಂಗಲಾಚಿದಳು.

"ಜಗಳ ಆಗಿತ್ತು" ಎಂದಳು ಹುಡುಗಿ. "ಸತ್ರೆ ಸಾಯಿ ಅಂದಿದ್ದೆ."

ಅವಳ ವಕೀಲ ಎದ್ದುನಿಂತು ಕೂಗಾಡಿದ. ಆಡಿದ ಮಾತು ಆಗಲೇ ದಾಖಲಾಗಿತ್ತು. ತೀರ್ಪಿನ ದಿನ ನ್ಯಾಯಾಧೀಶರು ಅದನ್ನೇ ಎತ್ತಿ ಓದಿದರು: ನೊಂದ ಮನಸ್ಸಿನವನು ತಾನಾಗಿ ಹಾರಿದ್ದಾನೆ, ಇದು ಅಪಘಾತವಲ್ಲ, ಪರಿಹಾರವಿಲ್ಲ, ಪಿಂಚಣಿಯೂ ಇಲ್ಲ. ಮ್ಯಾನೇಜರ್ ವಕೀಲರ ಕೈ ಕುಲುಕಿದ.

ಹೊರಗೆ ಮೆಟ್ಟಿಲ ಬಳಿ ಹುಡುಗಿ ಅಕ್ಕನನ್ನು ತಡೆದಳು. ಕಂಪನಿಯ ಕಡೆಯವಳೆಂದು ಅವಳಿಗೆ ಗೊತ್ತಿತ್ತು, ಆದರೂ ಅಲ್ಲಿದ್ದ ಹೆಂಗಸು ಈಕೆಯೊಬ್ಬಳೇ.

"ಅಕ್ಕ, ನೀವೂ ಸಂಸಾರ ಮಾಡ್ದೋರು. ಕೋಪದಲ್ಲಿ ಅಂಥ ಮಾತು ಯಾರೂ ಅನ್ನಲ್ವಾ? ನೀವು ಯಾವತ್ತೂ ಅಂದಿಲ್ವಾ?"

ಪಕ್ಕದಲ್ಲೇ ವಕೀಲರು ಬ್ಯಾಗಿನ ಜಿಪ್ ಎಳೆಯುತ್ತಿದ್ದರು. ಅವರ ಕೈ ನಿಂತಿತು. ಅಂದಿದ್ದೀನಮ್ಮ ಎನ್ನಲು ಅಕ್ಕ ಬಾಯಿ ತೆರೆದಳು. ಅಂದುಬಿಟ್ಟರೆ ನೌಕರಿಯ ಗತಿ? ಮಗಳ ಕಿವಿಗೆ ಬಿದ್ದರೆ?

"ಇಲ್ಲಮ್ಮ" ಎಂದಳು. "ನಾನು ಯಾವತ್ತೂ ಅಂದಿಲ್ಲ."

ನ್ಯಾಯಾಧೀಶರು ಹೇಳಿದ್ದನ್ನು ಹುಡುಗಿ ಅಲ್ಲಿಯವರೆಗೆ ನಂಬಿರಲಿಲ್ಲ. ಈಗ ನಂಬಿದಳು.

"ಹಾಗಾದ್ರೆ ನನ್ನಿಂದ್ಲೇ ಹೋದ್ರು" ಎಂದು ಹೇಳಿ ಮೆಟ್ಟಿಲಿಳಿದು ಹೋದಳು.